ಸಾಲು ಅಳಿಸುವ 'ಸೆಡ್': ಮೂಲ ಕಡತ ಜೋಪಾನ

ಸಾವಿರಾರು ಸಾಲುಗಳ ಪಠ್ಯ ಕಡತದಿಂದ ಬೇಡವಾದ ಸಾಲುಗಳನ್ನಷ್ಟೇ ತೆಗೆಯಬೇಕೆಂದಾಗ ಯೂನಿಕ್ಸ್ ಹಾಗೂ ಲಿನಕ್ಸ್ ಬಳಕೆದಾರರು ಇಂದಿಗೂ ಮೊರೆಹೋಗುವುದು 'ಸೆಡ್' ಎಂಬ ಪುಟ್ಟ ತಂತ್ರಾಂಶಕ್ಕೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮಹೋನ್ 1973-74ರ ಅವಧಿಯಲ್ಲಿ ಇದನ್ನು ರೂಪಿಸಿದರು. ಕೆನ್ ಥಾಂಪ್ಸನ್ ಬರೆದಿದ್ದ 'ಎಡ್' ಎಂಬ ಸಂಪಾದನ ತಂತ್ರಾಂಶವೇ ಇದಕ್ಕೆ ತಳಹದಿ. ಹುಡುಕಾಟಕ್ಕೆ ಹೆಸರಾದ 'ಗ್ರೆಪ್' ಕೂಡ ಅದೇ ಬಳ್ಳಿಯ ಕುಡಿ.

ಸ್ಟ್ರೀಮ್ ಎಡಿಟರ್ ಎಂಬುದರ ಹ್ರಸ್ವರೂಪ ಸೆಡ್. ಹೆಸರೇ ಸೂಚಿಸುವಂತೆ ಇದಕ್ಕೆ ಕಡತವೆಂದರೆ ಹರಿಯುವ ನೀರು. ಒಂದೊಂದೇ ಸಾಲನ್ನು ಓದಿ, ಆದೇಶಕ್ಕೆ ಹೊಂದುವುದನ್ನು ಕೈಬಿಟ್ಟು, ಉಳಿದದ್ದನ್ನು ಪರದೆಯತ್ತ ಸಾಗಿಸುತ್ತದೆ. ಅಳಿಸುವ ಆದೇಶ 'ಡಿ' ಎಂಬ ಒಂದೇ ಅಕ್ಷರ. ಅದರ ಹಿಂದೆ 5 ಎಂದಿದ್ದರೆ ಐದನೇ ಸಾಲು, ಎರಡು ಓರೆಗೆರೆಗಳ ನಡುವೆ ಪದವೊಂದಿದ್ದರೆ ಆ ಪದವಿರುವ ಸಾಲುಗಳೆಲ್ಲ ಮಾಯ.

ಆದರೆ ಮಾಯವಾಗುವುದು ಪರದೆಯ ಮೇಲೆ ಮಾತ್ರ. ಮೂಲ ಕಡತ ಹಾಗೆಯೇ ಇರುತ್ತದೆ. ಫಲಿತಾಂಶ ಉಳಿಸಿಕೊಳ್ಳಲು 'ಗ್ರೇಟರ್ ದ್ಯಾನ್' ಚಿಹ್ನೆಯ ಮೂಲಕ ಅದನ್ನು ಬೇರೊಂದು ಕಡತಕ್ಕೆ ತಿರುಗಿಸಬೇಕು. ಹೊಸಬರು ಎಡವುವುದು ಇಲ್ಲಿಯೇ. ಮೂಲ ಕಡತದ ಹೆಸರನ್ನೇ ಅಲ್ಲಿಯೂ ಕೊಟ್ಟರೆ, ಶೆಲ್ ಮೊದಲು ಆ ಕಡತವನ್ನು ಬರಿದು ಮಾಡಿ, ಅನಂತರವಷ್ಟೇ ಸೆಡ್‌ಗೆ ಚಾಲನೆ ನೀಡುತ್ತದೆ. ಆಗ ಓದಲು ಏನೂ ಉಳಿದಿರುವುದಿಲ್ಲ. ವರ್ಷಗಳ ದಾಖಲೆ ಕ್ಷಣಾರ್ಧದಲ್ಲಿ ಸೊನ್ನೆ ಬೈಟ್! ಎಚ್ಚರಿಕೆಯ ಸಂದೇಶವೂ ಸಾಮಾನ್ಯವಾಗಿ ಬರದು. ತಾತ್ಕಾಲಿಕ ಕಡತಕ್ಕೆ ಬರೆದು, ಪರಿಶೀಲಿಸಿ, ಬಳಿಕ ಹೆಸರು ಬದಲಿಸುವುದೇ ಕ್ಷೇಮ.

ಗ್ನೂ ಸೆಡ್‌ನ 'ಮೈನಸ್ ಐ' ಆಯ್ಕೆಯು ಈ ಶ್ರಮವನ್ನು ತಾನೇ ನಿರ್ವಹಿಸುತ್ತದೆ. ಅದಕ್ಕೆ ಅಂಟಿದಂತೆ 'ಬ್ಯಾಕ್' ಎಂಬಂಥ ಪ್ರತ್ಯಯ ಸೇರಿಸಿದರೆ ಹಳೆಯ ಪ್ರತಿಯೂ ಉಳಿಯುತ್ತದೆ. ನಾಲ್ಕು ಅಕ್ಷರ ಒತ್ತಲು ಜಿಪುಣತನ ಬೇಡ.

ಹುಡುಕುವ ಪದದಲ್ಲಿ ಚುಕ್ಕಿಯಿದ್ದರೂ ಜಾಗ್ರತೆ ಅಗತ್ಯ. ಸೆಡ್‌ಗೆ ಚುಕ್ಕಿಯೆಂದರೆ ಯಾವುದೇ ಒಂದು ಅಕ್ಷರ. 10.5 ಇರುವ ಸಾಲನ್ನು ಅಳಿಸಹೊರಟರೆ 1045 ಇರುವ ಸಾಲೂ ಹೋದೀತು. ಚುಕ್ಕಿಯ ಮುನ್ನ ಬ್ಯಾಕ್‌ಸ್ಲ್ಯಾಶ್ ಇರಿಸಿದರೆ ಈ ಅಪಾಯವಿಲ್ಲ.

ಕನ್ನಡದ ಕಡತಗಳದ್ದು ಇನ್ನೊಂದು ಪೇಚು. ಯೂನಿಕೋಡ್‌ನಲ್ಲಿದ್ದರೆ ಕನ್ನಡ ಪದವನ್ನೇ ನೇರವಾಗಿ ಕೊಡಬಹುದು. ಆದರೆ 'ರಾಜ್‌ಕುಮಾರ್' ಎಂಬಲ್ಲಿ 'ಕು' ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಅಕ್ಷರವೊಂದು ಅಡಗಿರುತ್ತದೆ. ಹುಡುಕುವಾಗ ಅದನ್ನು ಬಿಟ್ಟರೆ ಸಾಲು ಸಿಗದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯವಂತೂ ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಬಳಿಕವೇ ಸೆಡ್‌ನ ಸರದಿ.