ಉಪ್ಪಿನ ಭರಣಿಯೂ ಶ್ರಾವಕರ ಅಡುಗೆಮನೆಯೂ

ತುಳುನಾಡಿನಲ್ಲಿಯೂ ಘಟ್ಟದ ಮೇಲಣ ಮಲೆನಾಡಿನಲ್ಲಿಯೂ ಬೇಸಗೆಯ ಮನೆಗೆಲಸವೆಂದರೆ ಬಹುಮಟ್ಟಿಗೆ ಕೂಡಿಡುವ ಕೆಲಸವೇ ಆಗಿತ್ತು. ಮಾವಿನ ಮಿಡಿ, ಹಲಸು, ನೆಲ್ಲಿ, ನಿಂಬೆ ಇವು ತಮ್ಮ ತಮ್ಮ ಕಾಲದಲ್ಲಿ ತಿಂದು ಮುಗಿಯದಷ್ಟು ಬರುತ್ತವೆ. ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ಹಿತ್ತಿಲಿನಲ್ಲಿ ಹೇಳಿಕೊಳ್ಳುವಂಥ ತರಕಾರಿ ಏನೂ ಇರುವುದಿಲ್ಲ. ಆದ್ದರಿಂದ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಡುವುದು, ಹಪ್ಪಳ ಸಂಡಿಗೆ ಒಣಗಿಸುವುದು ಇಲ್ಲಿನ ಎಲ್ಲ ಸಮುದಾಯಗಳವರ ಮನೆಗಳಲ್ಲಿಯೂ ರೂಢಿಯಾಯಿತು. ಜೈನ ಮನೆಗಳೂ ಈ ನಾಡಿನ ಮಣ್ಣಿನಲ್ಲಿಯೇ ಬೆಳೆದವು. ಆದರೆ ಆ ಮನೆಗಳಲ್ಲಿ ಭರಣಿಯ ಮುಚ್ಚಳವನ್ನು ತೆರೆಯುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು: ಇದನ್ನು ಯಾರು ಉಣ್ಣಬಹುದು, ಯಾರು ಉಣ್ಣಬಾರದು?

ಉಪ್ಪಿನಕಾಯಿಯ ಬಳಕೆ ಈ ಕರಾವಳಿಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಹೊರಗಿನ ಸಾಕ್ಷಿಯೊಂದಿದೆ. ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಾಗ ಅಲ್ಲಿನ ಸುಲ್ತಾನನ ಊಟದ ಕ್ರಮವನ್ನು ವಿವರವಾಗಿ ಬರೆದಿಟ್ಟನು. ಅನ್ನ, ತುಪ್ಪಗಳೊಡನೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು ಇವನ್ನು ಬಡಿಸುತ್ತಿದ್ದರು. ತುತ್ತಿಗೊಮ್ಮೆ ಇವನ್ನು ನಂಜಿಕೊಳ್ಳುತ್ತಿದ್ದರು. ಇಲ್ಲಿ ಮೆಣಸೆಂದರೆ ಕಾಳುಮೆಣಸು. ಮೆಣಸಿನಕಾಯಿ ಪೋರ್ಚುಗೀಸರೊಡನೆ ಅಮೆರಿಕದಿಂದ ಈ ತೀರಕ್ಕೆ ಬಂದುದು 16ನೆಯ ಶತಮಾನದಲ್ಲಿ. ಇಂದು ಕೆಂಪು ಬಣ್ಣವಿಲ್ಲದೆ ಉಪ್ಪಿನಕಾಯಿಯನ್ನು ಊಹಿಸುವುದೇ ಕಷ್ಟ. ಆದರೆ ಅದರ ಇತಿಹಾಸದ ಬಹುಭಾಗ ಸಾಸಿವೆ, ಮೆಣಸು, ಶುಂಠಿಗಳ ಖಾರದಲ್ಲಿಯೇ ಕಳೆದಿದೆ. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಸಿಗುವ ಗೇರುಸೊಪ್ಪೆ ಚತುರ್ಮುಖ ಬಸದಿಯ ಊರು, ಒಂದು ಕಾಲದ ದೊಡ್ಡ ಜೈನ ಕೇಂದ್ರ. ಮೆಣಸು ಬೆಳೆದ ಆ ನಾಡಿನ ಶ್ರಾವಕರಿಗೆ ಈ ರುಚಿಗಳು ಅಪರಿಚಿತವಾಗಿದ್ದಿರಲಾರವು.

ಕನ್ನಡದಲ್ಲಿ ಅಡುಗೆಯ ವಿದ್ಯೆ ಗ್ರಂಥಸ್ಥವಾದುದು ಇದಕ್ಕಿಂತಲೂ ಮೊದಲು. ಚಾಲುಕ್ಯ ಜಯಸಿಂಹನ ಕಾಲದ, ಅಂದರೆ ಸು. 1025ರ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆ ಮತ್ತು ಪಾಕವಿಧಾನ ಎರಡೂ ಒಂದೇ ಹೊತ್ತಗೆಯೊಳಗೆ ಸೇರಿವೆ. ತೋಟವನ್ನೂ ಒಲೆಯನ್ನೂ ಬೇರೆ ಮಾಡದೆ ಕಂಡ ಈ ಕರ್ತೃವಿನ ಹೆಸರು ಚಾವುಂಡರಾಯ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಇವನೆಂದು ಭ್ರಮಿಸಬಾರದು. ಮುಂದೆ 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಅದೇ ಲೇಖನಿಯಿಂದ ‘ನೇಮಿಜಿನೇಶ ಸಂಗತಿ’, ‘ಸಮ್ಯಕ್ತ್ವಕೌಮುದಿ’ಗಳೂ ಹೊರಬಂದವು. ಶ್ರದ್ಧಾವಂತ ಜೈನ ಕವಿಯೊಬ್ಬನು ರೊಟ್ಟಿ, ಮಂಡಿಗೆ, ಪಾನಕ, ಪಾಯಸಗಳಿಂದ ಮೊದಲುಗೊಂಡು ಬದನೆ, ಹಲಸು, ಬಾಳೆ, ಕಳಲೆ, ನೆಲ್ಲಿಗಳವರೆಗೆ ಪಾಕಗಳನ್ನು ವಿವರಿಸಿದ್ದಾನೆ. ಬಹುಬೀಜವೆಂದು ಅನೇಕ ಶ್ರಾವಕರು ಬಿಟ್ಟಿರುವ ಬದನೆಯೇ ಇಲ್ಲಿ ಬಗೆಬಗೆಯಾಗಿ ಬೇಯುತ್ತದೆ. ಇದನ್ನು ಕಂಡು ಮಂಗರಸನ ಆಚಾರವನ್ನು ಶಂಕಿಸಬೇಕಾಗಿಲ್ಲ. ಪಾಕಶಾಸ್ತ್ರವು ಹೇಗೆ ಮಾಡಬಹುದೆಂಬುದನ್ನು ಹೇಳುತ್ತದೆ, ಯಾರು ಉಣ್ಣಬೇಕೆಂಬುದನ್ನು ಶ್ರಾವಕಾಚಾರಕ್ಕೆ ಬಿಡುತ್ತದೆ.

ಶ್ರಾವಕಾಚಾರಗಳು ಉಪ್ಪಿನಕಾಯಿಯ ವಿಷಯದಲ್ಲಿ ಮೌನವಾಗಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಫಲ ಅಲ್ಪವಾಗಿ ಜೀವಘಾತ ಬಹಳವಾಗುವ ಪದಾರ್ಥಗಳ ಸಾಲಿನಲ್ಲಿ ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವನ್ನು ಹೇಳಿದರು. ಹೊನ್ನಾವರದ ತಟ್ಟೆಯಲ್ಲಿದ್ದ ಶುಂಠಿ ಇಲ್ಲಿಯೇ ಹೊರಗಾಯಿತು. ಇನ್ನೂ ನೇರವಾದ ಮಾತು 13ನೆಯ ಶತಮಾನದ ಆಶಾಧರನದು. ತುರುಕರ ದಾಳಿಗೆ ಸಿಕ್ಕಿದ ತನ್ನ ಊರು ಮಂಡಲಗಢವನ್ನು ಬಿಟ್ಟು ಮಾಳವದ ಧಾರಾನಗರಕ್ಕೆ ಬಂದು, ಬಳಿಕ ನಲಕಚ್ಛಪುರದಲ್ಲಿ ನೆಲೆಸಿದ ಈ ಪಂಡಿತನು ಮುನಿಯಲ್ಲ, ಗೃಹಸ್ಥ. ಅವನ ‘ಸಾಗಾರಧರ್ಮಾಮೃತ’ವು ಸಂಧಾನವನ್ನು, ಎಂದರೆ ಹುಳಿಯೇರುವಂತೆ ಕೂಡಿಟ್ಟ ಉಪ್ಪಿನಕಾಯಿ ಮೊದಲಾದುವನ್ನು, ಸಂಪೂರ್ಣವಾಗಿ ಬಿಡಬೇಕೆನ್ನುತ್ತದೆ, ಎರಡು ದಿನ ಕಳೆದ ಮೊಸರು, ಮಜ್ಜಿಗೆಗಳನ್ನೂ ಬೂಷ್ಟು ಹಿಡಿದ ಕಾಂಜಿಯನ್ನೂ ಅದರೊಡನೆ ಸೇರಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಈ ಎಲ್ಲವನ್ನೂ ಅವನು ರುಚಿಯ ಲೋಲುಪತೆಯ ಅಡಿಯಲ್ಲಿ ಇರಿಸದೆ ಮದ್ಯತ್ಯಾಗವ್ರತದ ದೋಷಗಳಾಗಿ ಎಣಿಸಿದನು. ಭರಣಿಯಲ್ಲಿ ಹುಳಿಯೇರುವ ಮಾವಿಗೂ ಭಟ್ಟಿಯ ಮದ್ಯಕ್ಕೂ ಅವನ ಕಣ್ಣಿಗೆ ನಂಟು ಕಂಡಿತು.

ಈ ನಂಟು ಕಲ್ಪನೆಯದಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ಹಾಲು ಹುಳಿಯಾಗುವುದನ್ನು ಕುರಿತು ಬರೆದ ಪ್ರಬಂಧದಿಂದ ಆರಂಭಿಸಿ, ಹುಳಿಯೇರುವಿಕೆಯೂ ಮದ್ಯವಾಗುವಿಕೆಯೂ ಸೂಕ್ಷ್ಮಜೀವಿಗಳ ವ್ಯಾಪಾರವೆಂದು ತೋರಿಸಿದನು. ಪ್ರಾಚೀನರು ಇದನ್ನೆಲ್ಲ ಮೊದಲೇ ಅರಿತಿದ್ದರೆಂದು ಹಿಗ್ಗುವುದು ಸುಲಭ; ಆದರೆ ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ವಿಜ್ಞಾನ ಕೇಳುವುದು ಉಣ್ಣುವವನ ಕ್ಷೇಮವನ್ನು. ಆ ದೃಷ್ಟಿಯಿಂದ ಹಳೆಯ ಉಪ್ಪಿನಕಾಯಿ ಬಹುಮಟ್ಟಿಗೆ ನಿರಪಾಯವೇ. ನೂರಕ್ಕೆ ಹತ್ತರಷ್ಟು ಉಪ್ಪಿರುವ ನೀರಿನಲ್ಲಿ, ಅಥವಾ ಆಮ್ಲಮಾನ 4.6ಕ್ಕಿಂತ ಕೆಳಗಿಳಿದ ಹುಳಿಯಲ್ಲಿ, ಪ್ರಾಣಾಂತಿಕ ವಿಷವನ್ನುಂಟುಮಾಡುವ ಬಾಟ್ಯುಲಿನಮ್ ಎಂಬ ಜೀವಾಣು ಬೆಳೆಯಲಾರದು. ಮಿಡಿಗೆ ಪೆಟ್ಟಾಗದಂತೆ ಕೊಯ್ದು, ಒರಸಿ, ಪದರ ಪದರವಾಗಿ ಉಪ್ಪು ಹಾಕಿ, ಅದು ಸುಕ್ಕಿ ನೀರು ಬಿಟ್ಟ ಬಳಿಕ ಆ ನೀರನ್ನು ಕುದಿಸಿ ಆರಿಸಿ ಮಸಾಲೆ ಕಡೆಯುವ ಮಲೆನಾಡಿನ ಗೃಹಿಣಿಯು ಈ ಅಂಕಿಗಳನ್ನು ತಿಳಿಯದೆಯೇ ಪಾಲಿಸಿದಳು. ಒದ್ದೆ ಸೌಟು ಹಾಕಬಾರದೆಂಬ ಅವಳ ಕಟ್ಟುನಿಟ್ಟಿನ ಹಿಂದೆಯೂ ಇದೇ ತಿಳಿವಳಿಕೆಯಿದೆ. ಶ್ರಾವಕಾಚಾರದ ಪ್ರಶ್ನೆ ಬೇರೆ: ಭರಣಿಯೊಳಗೆ ಹುಟ್ಟಿ ಸಾಯುವ ಜೀವಗಳ ಗತಿಯೇನು? ಉಂಡವನು ಸುಖವಾಗಿದ್ದಾನೆಂಬ ಉತ್ತರದಿಂದ ಈ ಪ್ರಶ್ನೆ ತೀರುವುದಿಲ್ಲ.

ಇವೆರಡರ ನಡುವೆ ನಿಂತವಳು ಮನೆಯ ಗೃಹಿಣಿ. ಅವಳ ತೊಡಕು ಗ್ರಂಥಕಾರರಿಗೆ ತಿಳಿದುದಕ್ಕಿಂತ ಹೆಚ್ಚಿನದು. ಪಂಕ್ತಿಯಲ್ಲಿ ಕುಳಿತ ಅತ್ತೆಯವರು ಸಂಧಾನವನ್ನು ಬಿಟ್ಟವರು, ಮಾವನವರಿಗೆ ಅಂದು ಉಪ್ಪಿನ ತ್ಯಾಗ; ಗಂಡನಿಗೆ ಹಾಗಲಕಾಯಿ ಸೇರದು, ಮಗನು ಬಸಳೆಯನ್ನು ಎಲೆಯ ಅಂಚಿಗೆ ತಳ್ಳುತ್ತಾನೆ, ಮಗಳಿಗೆ ಉಪ್ಪಿನಕಾಯಿ ಇಲ್ಲದಿದ್ದರೆ ಮೊಸರನ್ನ ಇಳಿಯದು. ಎಲ್ಲರೂ ಏನನ್ನೋ ಬಿಟ್ಟವರೇ. ಆದರೆ ಈ ಬಿಡುವಿಕೆಗಳು ಒಂದೇ ಬಗೆಯವಲ್ಲ. ಸಮಂತಭದ್ರರು ಹಸಿ ಶುಂಠಿಯ ಮಾತಿನ ಬೆನ್ನಿಗೇ ಇದನ್ನು ಬಿಡಿಸಿ ಹೇಳಿದ್ದಾರೆ. ದೇಹಕ್ಕೆ ಒಗ್ಗದ್ದನ್ನೂ, ಶಿಷ್ಟರು ಸೇವಿಸದುದನ್ನೂ ಬಿಡಲೇಬೇಕು. ಆದರೆ ವ್ರತವೆನಿಸುವುದು ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ಹಿಂದೆ ಸರಿದಾಗ ಎಂಬುದು ಅವರ ಅಭಿಪ್ರಾಯ. ಈ ಅಳತೆಯಿಂದ ನೋಡಿದರೆ ಗಂಡನು ಬಿಟ್ಟ ಹಾಗಲಕಾಯಿ ವ್ರತವಲ್ಲ, ಅದು ನಾಲಗೆಯ ಆಜ್ಞೆ. ಉಪ್ಪಿನಕಾಯಿ ಬಲು ಇಷ್ಟವಾಗಿದ್ದೂ ಚಾತುರ್ಮಾಸ ಮುಗಿಯುವವರೆಗೆ ಅದನ್ನು ಮುಟ್ಟೆನೆಂದ ಮಗಳಿದ್ದರೆ ಅವಳದು ನಿಯಮ. ಜೀವಾವಧಿ ಬಿಟ್ಟವರದು ಯಮ.

ಉಪ್ಪಿನಕಾಯಿಯಾದರೋ ಹುಟ್ಟಿನಿಂದಲೇ ನಾಲಗೆಯ ಪಕ್ಷಪಾತಿ. ಬೇಡವೆನಿಸಿದ ಪಲ್ಯವೂ ಅದರ ಚೂರಿನೊಡನೆ ಒಳಗಿಳಿಯುತ್ತದೆ. ತಾಯಂದಿರು ಅದನ್ನು ಹೀಗೆ ಬಳಸಿಕೊಂಡದ್ದನ್ನು ತಪ್ಪೆನ್ನಲಾಗದು. ಎಲೆಯಲ್ಲಿ ಬಿಟ್ಟ ಅನ್ನ ಹಾಳಾಗುವುದೂ ಹಿಂಸೆಯೇ. ಆದರೂ ಮುನಿಗಳ ಆಹಾರಕ್ಕೆ ಅಣಿಮಾಡುವ ಅಡುಗೆಯಲ್ಲಿ ಭರಣಿಗೆ ಸ್ಥಾನವಿರಲಿಲ್ಲ. ಅಲ್ಲಿ ಅಂದಂದಿನ ಶುದ್ಧ ಪಾಕ ಮಾತ್ರ. ಕರಪಾತ್ರೆಯಲ್ಲಿ ಒಂದೇ ಹೊತ್ತು ನಿಂತು ಉಣ್ಣುವ ಮುನಿಯು ಇದು ಬೇಕೆಂದು ಬಾಯಿಬಿಟ್ಟು ಕೇಳುವುದೂ ಇಲ್ಲ. ಒಂದೇ ಒಲೆ, ಒಂದೇ ತೋಟ. ಹೊರಗಿನಿಂದ ಬಂದ ಅತಿಥಿಗೆ ಯಾವ ರುಚಿಯ ಹಟವೂ ಇಲ್ಲ, ಮನೆಯವರಿಗೆ ಎಲ್ಲ ಹಟಗಳೂ ಉಂಟು.

ಬಳಕೆಯಲ್ಲಿ ಮನೆಗಳು ಕಂಡುಕೊಂಡ ದಾರಿಗಳು ಹಲವು. ಕೆಲವರು ಉಪ್ಪಿನಕಾಯಿಗೆ 24 ಗಂಟೆಗಳ ಮರ್ಯಾದೆಯನ್ನು ಹಾಕಿಕೊಂಡರು: ಮಾವಿನ ಹೋಳಿಗೆ ನಿಂಬೆರಸ, ಉಪ್ಪು, ಸಾಸಿವೆ ಬೆರೆಸಿ ಅಂದೇ ಮುಗಿಸುವುದು. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿಯನ್ನು ಬಿಡುವವರಿಗೆ ಒಣಗಿಸಿಟ್ಟ ಪದಾರ್ಥಗಳು ನೆರವಾದವು. ಒಣಗಿಸುವುದರಲ್ಲಿ ಹುಳಿಯೇರುವಿಕೆ ಇಲ್ಲ. ನೀರಿಲ್ಲದಲ್ಲಿ ಜೀವೋತ್ಪತ್ತಿಗೆ ಎಡೆ ಕಡಿಮೆ. ಆದರೆ ಸಂಡಿಗೆಯ ಡಬ್ಬಿಯೂ ಮಳೆಗಾಲದ ತೇವದಿಂದ ಪಾರಾಗದು. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನವೆಂದು ಪರಂಪರೆ ಗೊತ್ತುಮಾಡಿದ ಲೆಕ್ಕದಲ್ಲಿ ಈ ತೇವದ ಅನುಭವವೇ ಇದೆ. ಗೃಹಸ್ಥರು ಒಣಗಿಸಿದ್ದೆಲ್ಲ ನಿರ್ದೋಷವೆಂದು ನಂಬಿ ಈ ಲೆಕ್ಕವನ್ನು ಮರೆತದ್ದೂ ಉಂಟು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೆಫ್ರಿಜರೇಟರ್ ಮನೆಗಳಿಗೆ ಬಂದಾಗ ಹಳೆಯ ಚರ್ಚೆ ಮತ್ತೆ ತಲೆಯೆತ್ತಿತು. ಶೀತದಲ್ಲಿಟ್ಟರೆ ಮರ್ಯಾದೆಯ ಕಾಲ ಹೆಚ್ಚುತ್ತದೆಯೇ? ಸಂಪ್ರದಾಯನಿಷ್ಠರು ಇಲ್ಲವೆಂದರು. ಶೀತವು ಹುಳಿಯೇರುವಿಕೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲವೆಂಬುದರಲ್ಲಿ ಅವರ ಮಾತಿಗೆ ಆಧಾರವೂ ಇದೆ. ಹಾಗಾದರೆ ಒಂದೇ ವಾರದಲ್ಲಿ ಉದುರುವ ಬುಟ್ಟಿ ಬುಟ್ಟಿ ನಿಂಬೆಹಣ್ಣನ್ನು ಏನು ಮಾಡುವುದು? ಮರ್ಯಾದೆಯನ್ನು ಬಿಗಿಯಾಗಿ ಪಾಲಿಸುವ ಮನೆಗಳಲ್ಲಿ ಇದರ ಲೆಕ್ಕ ಅಡುಗೆಮನೆಯಲ್ಲಿ ನಡೆಯುವುದಿಲ್ಲ, ಮರದ ಬುಡದಲ್ಲಿಯೇ ನಡೆಯುತ್ತದೆ. ಅಂದಿಗೆ ಬೇಕಾದಷ್ಟನ್ನು ಇರಿಸಿಕೊಂಡು, ಉಳಿದುದು ಕೊಳೆಯುವ ಮೊದಲೇ ಬೇಲಿಯಾಚೆಯ ಮನೆಗಳಿಗೆ ಬುಟ್ಟಿಯಲ್ಲಿ ಹೋಗುತ್ತದೆ. ಆ ಮನೆಯವರ ಭರಣಿಗೆ ಈ ನಿಂಬೆ ಬಿದ್ದರೆ ಅದು ಅವರ ಆಚಾರಕ್ಕೆ ಬಿಟ್ಟದ್ದು.