ಸೇಲಂ–ಧರ್ಮಪುರಿ ಸೀಮೆಯ ಹಿತ್ತಿಲ ಕೈದೋಟ

ಮನೆಯ ಹಿಂಬದಿಯಲ್ಲಿ, ಬಚ್ಚಲ ನೀರು ಹರಿದು ಇಂಗುವ ಎಡೆಯಲ್ಲಿ, ಕುಟುಂಬದ ನಿತ್ಯದ ಅಡಿಗೆಗೆ ಬೇಕಾದ ಸೊಪ್ಪು, ಕಾಯಿ, ಬಳ್ಳಿಗಳನ್ನು ಬೆಳೆದುಕೊಳ್ಳುವ ಅಲ್ಪವಿಸ್ತಾರದ ಭೂಮಿಯೇ ಹಿತ್ತಿಲ ಕೈದೋಟ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ, ತಮಿಳರ ನಡುವೆ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾತಿನ ಒಕ್ಕಲಿಗರು, ಲಿಂಗಾಯತರು, ದೇವಾಂಗ ನೇಕಾರರು ಮೊದಲಾದವರ ಮನೆಗಳಲ್ಲಿಯೂ ಇದಕ್ಕೆ ದೀರ್ಘವಾದ ಚರಿತ್ರೆಯುಂಟು. ರಾಗಿ, ಸಾಮೆ, ಹುರುಳಿಗಳನ್ನು ನಂಬಿದ ಈ ಬೆಟ್ಟಗುಡ್ಡಗಳ ಸೀಮೆಯಲ್ಲಿ ಹೊಲವು ಹೊಟ್ಟೆಯನ್ನು ತುಂಬಿಸಿತಾದರೂ, ಊಟವನ್ನು ಊಟವೆನ್ನಿಸಿದ ರುಚಿಯೆಲ್ಲವೂ ಹಿತ್ತಿಲಿನಿಂದಲೇ ಬಂದುದು.

ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಅಲ್ಲಿ ಆಳಿದ ಅದಿಯಮಾನ್ ಅಂಜಿಯು ತನಗೆ ದೊರೆತ ಅಪೂರ್ವವಾದ ನೆಲ್ಲಿಯ ಹಣ್ಣನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಕೊಟ್ಟನೆಂಬ ಕಥೆ ಸುಪ್ರಸಿದ್ಧವಾಗಿದೆ. ಕಬ್ಬನ್ನು ಈ ನಾಡಿಗೆ ತಂದವರು ಅವನ ಪೂರ್ವಜರೆಂದು ಪುರನಾನೂರು ಸಂಕಲನದ ಪದ್ಯಗಳು ಕೊಂಡಾಡುತ್ತವೆ. ಅರಸುಮನೆತನವೊಂದರ ಕೀರ್ತಿಯನ್ನು ಒಂದು ಹಣ್ಣಿನಿಂದಲೂ ಒಂದು ಪೈರಿನಿಂದಲೂ ಅಳೆದ ಆ ಕಾಲದ ಮನೋಧರ್ಮವು ಗೌರವಕ್ಕೆ ಅರ್ಹವಾದುದು. 9–10ನೆಯ ಶತಮಾನಗಳಲ್ಲಿ ನೊಳಂಬರು ಇಲ್ಲಿ ಆಳಿ ಕನ್ನಡ ಶಾಸನಗಳನ್ನು ನಿಲ್ಲಿಸಿದರು. 17ನೆಯ ಶತಮಾನದಲ್ಲಿ ಮೈಸೂರಿನ ಒಡೆಯರ ಆಳ್ವಿಕೆ ಇತ್ತ ಚಾಚಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಧರ್ಮಪುರಿಯನ್ನೊಳಗೊಂಡ ಬಾರಾಮಹಲ್ ಸೀಮೆಯು ಮೈಸೂರಿನ ಟಿಪ್ಪೂ ಸುಲ್ತಾನನ ಕೈತಪ್ಪಿ ಇಂಗ್ಲಿಷರ ವಶವಾದಾಗ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನೂ ಅವನ ಸಹಾಯಕರಲ್ಲೊಬ್ಬನಾದ ಥಾಮಸ್ ಮನ್ರೋನೂ ಹೊಲಹೊಲವನ್ನು ಅಳೆದು, ಪ್ರತಿಯೊಬ್ಬ ರೈತನ ಕಂದಾಯವನ್ನು ನಿಷ್ಕರ್ಷಿಸಿ, ಮುಂದೆ ಮದರಾಸು ಪ್ರಾಂತ್ಯದಲ್ಲೆಲ್ಲ ಹರಡಿದ ರೈತವಾರಿ ಪದ್ಧತಿಗೆ ಅಸ್ತಿವಾರವನ್ನು ಹಾಕಿದರು. ಆ ಪದ್ಧತಿಯಲ್ಲಿ ಜನವಸತಿಗೆಂದು ಬಿಟ್ಟ ಗ್ರಾಮನತ್ತದ ನೆಲಕ್ಕೆ ಕಂದಾಯವಿಲ್ಲವಾದುದರಿಂದ, ಅದರೊಳಗೆ ಸೇರಿದ ಹಿತ್ತಿಲು ಕಂದಾಯದ ಲೆಕ್ಕಕ್ಕೆ ಸಿಕ್ಕಲಿಲ್ಲ. ಗಂಡಸರ ಹೆಸರಿನ ಹೊಲಗಳ ವಿಸ್ತೀರ್ಣವು ಕಾಗದಕ್ಕೆ ಏರಿತು. ಹೆಂಗಸರು ಬಿತ್ತಿ, ನೀರೆರೆದು, ಕೊಯ್ದು, ಬೇಯಿಸಿದ ತೋಟದ ಚರಿತ್ರೆಯು ಅಡಿಗೆಯ ಮನೆಯಲ್ಲಿಯೇ ಉಳಿಯಿತು. ಆದಕಾರಣ ಅದನ್ನು ಅಲ್ಲಿಯೇ ಅರಸಬೇಕು.

ಆಷಾಢದ ಮಳೆಗೆ ಬಿತ್ತನೆ ಮೊದಲಾಗುತ್ತದೆ. ಬೇಲಿಯ ಮೇಲೆ ಹೀರೆ, ಹಾಗಲ, ಪಡವಲ, ಸೂರಿನ ಮೇಲೆ ಸೋರೆ, ಕುಂಬಳ, ಬಾವಿಯ ಬಳಿ ಬಾಳೆ, ಕರಿಬೇವು, ಬಸಳೆ, ಪಾತಿಗಳಲ್ಲಿ ದಂಟು, ಕೀರೆ, ಬದನೆ, ಬೆಂಡೆ, ಮೂಲೆಯಲ್ಲೊಂದು ನುಗ್ಗೆ, ಚಪ್ಪರದ ಮೇಲೆ ಅವರೆ. ಬಿತ್ತದೆಯೇ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆಗಳನ್ನು ಕಳೆಯೆಂದು ಕಿತ್ತೆಸೆಯದೆ ಮಡಿಲಿಗೆ ಹಾಕಿಕೊಳ್ಳುವುದು ಇಲ್ಲಿಯ ಗೃಹಿಣಿಯರ ವಿವೇಕ. ಒಲೆಯ ಬೂದಿಯೇ ಎಲೆಯ ಹುಳುವಿಗೆ ಔಷಧ, ಕೊಟ್ಟಿಗೆಯ ಕಸವೇ ಗೊಬ್ಬರ. ಒಣಗಿದ ಸೋರೆಬುರುಡೆಯೊಳಗೋ, ಗೋಡೆಗೆ ತಟ್ಟಿದ ಸಗಣಿಯೊಳಗೋ ಮುಂದಿನ ವರ್ಷದ ಬೀಜ.

ಹೀಗೆ ಬೆಳೆದುದನ್ನು ಬೇಯಿಸುವ ಕ್ರಮದಲ್ಲಿ ಈ ಸೀಮೆಯ ನಿಜವಾದ ಪಾಂಡಿತ್ಯವಿದೆ. ಹಲವು ಬಗೆಯ ಸೊಪ್ಪನ್ನು ಬೇಳೆಯೊಡನೆ ಬೇಯಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆಗಳನ್ನು ಕೂಡಿಸಿ, ಮಣ್ಣಿನ ಚಟ್ಟಿಯಲ್ಲಿಯೇ ಕಡೆದರೆ ಮಸ್ಸೊಪ್ಪು. ಬೆಂದ ಸೊಪ್ಪುಕಾಳುಗಳ ಕಟ್ಟನ್ನು ಬಸಿದು ಸಾರು ಮಾಡಿ, ಉಳಿದುದಕ್ಕೆ ಒಗ್ಗರಣೆ ಹಾಕಿ ಪಲ್ಯವಾಗಿಸಿದರೆ ಬಸ್ಸಾರು. ಒಂದೇ ಹಿಡಿ ಸೊಪ್ಪಿನಿಂದ ಎರಡು ವ್ಯಂಜನಗಳನ್ನು ತೆಗೆಯುವ ಈ ಉಪಾಯವು ಬಡತನದಲ್ಲಿ ಹುಟ್ಟಿದ್ದಿರಬಹುದು. ಆದರೆ ಬಿಸಿಯಾದ ರಾಗಿಮುದ್ದೆಯೊಡನೆ ಅದನ್ನು ಉಂಡವರು ಅದನ್ನು ಬಡವರ ಊಟವೆಂದು ಕರೆಯಲಾರರು. ಮಾರ್ಗಶಿರ, ಪುಷ್ಯಗಳ ಇಬ್ಬನಿಯಲ್ಲಿ ಅವರೆಗೆ ಸೊಗಡು ಏರಿದಾಗ ಹಿತಕಿದ ಬೇಳೆಯ ಸಾರಿನ ಪರಿಮಳವು ಬೀದಿಯನ್ನೇ ತುಂಬುವುದು. ಸಂಕ್ರಾಂತಿಯ ದಿನ ಅವರೆ, ಕುಂಬಳ, ಗೆಣಸುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಹೊಸ ಅಕ್ಕಿಯ ಪೊಂಗಲಿನೊಡನೆ ಬಡಿಸುವರು. ಕಿತ್ತ ಗಳಿಗೆಯಲ್ಲಿಯೇ ಒಲೆಗೇರಿದ ಎಳೆಯ ಹೀರೆಕಾಯಿಯ ಮಾಧುರ್ಯವು ಸಂತೆಯಿಂದ ತಂದ ಕಾಯಿಗೆ ಎಂದಿಗೂ ಬಾರದು.

ಈ ತೋಟದಲ್ಲಿ ಪರದೇಶದ ಅತಿಥಿಗಳೂ ಅನೇಕ. ಬದನೆ ಈ ದೇಶದ್ದೇ. ಆದರೆ ಮೆಣಸಿನಕಾಯಿ, ಸಿಹಿಗುಂಬಳ, ಗೆಣಸು, ಟೊಮೇಟೊ, ಮರಗೆಣಸುಗಳು ಅಮೆರಿಕಾ ಖಂಡದ ಸಂತಾನಗಳು. ಪೋರ್ತುಗೀಜರ ನಾವೆಗಳು ಬರುವ ಮೊದಲು ಇಲ್ಲಿಯ ಸಾರಿಗೆ ಖಾರವನ್ನು ಕೊಡುತ್ತಿದ್ದುದು ಮುಖ್ಯವಾಗಿ ಕಾಳುಮೆಣಸು. 1820ರಿಂದ 1829ರವರೆಗೆ ಸೇಲಮಿನ ಕಲೆಕ್ಟರನಾಗಿದ್ದ ಎಂ. ಡಿ. ಕಾಕ್‌ಬರ್ನನು ಏರ್ಕಾಡಿನ ಸೇರ್ವರಾಯ ಬೆಟ್ಟಗಳಲ್ಲಿ ಕಾಫಿಯನ್ನೂ ಮರಸೇಬು ಮೊದಲಾದ ಹಣ್ಣುಗಳನ್ನೂ ಬೆಳೆಯಿಸಿದನು. ಬೆಟ್ಟದ ಆ ಬೆಳೆಗಳು ತೋಟಗಾರಿಕೆಯ ಉದ್ಯಮವಾದುವು. ಬಯಲಿನ ಹಿತ್ತಿಲಿಗೆ ಅವುಗಳಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

1876–78ರ ಮಹಾಕ್ಷಾಮವು ಸೇಲಂ ಜಿಲ್ಲೆಯನ್ನು ದಾರುಣವಾಗಿ ಹಿಂಸಿಸಿತು. ಬಾವಿ ಬತ್ತಿದಲ್ಲಿ ಹಿತ್ತಿಲೂ ಒಣಗುವುದು. ಈ ಸೀಮೆಯ ಕೈದೋಟದ ಚರಿತ್ರೆಯೆಂದರೆ ಬಹುಮಟ್ಟಿಗೆ ನೀರಿನ ಚರಿತ್ರೆಯೇ. ಬಾವಿಯ ನೀರನ್ನೆತ್ತಲು ಎತ್ತುಗಳು ಎಳೆಯುತ್ತಿದ್ದ ಕಪಿಲೆಯ ಕಾಲುವೆಯಿಂದ ಕವಲೊಡೆದ ನೀರು, ಪಾತ್ರೆ ತೊಳೆದ ನೀರು, ಮೀಯಿಸಿದ ನೀರು, ಇವುಗಳಲ್ಲಿ ಒಂದು ಬೊಗಸೆಯನ್ನೂ ವ್ಯರ್ಥಮಾಡುವಂತಿರಲಿಲ್ಲ. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟು ಮುಖ್ಯವಾಗಿ ಕೆಳಗಣ ಕಾವೇರೀ ಬಯಲಿಗೆ ನೀರುಣಿಸಿತು. ಜಲಾಶಯದ ತಳಕ್ಕೆ ಸೇರಿದ ಹಳ್ಳಿಗಳವರು ಮನೆಗಳೊಡನೆ ಹಿತ್ತಿಲುಗಳನ್ನೂ ನೀರಿಗೆ ಒಪ್ಪಿಸಿ ಎತ್ತರದ ನೆಲಕ್ಕೆ ಏರಿದರು. ಅನಂತರದ ದಶಕಗಳಲ್ಲಿ ವಿದ್ಯುತ್ ಪಂಪು ಕಪಿಲೆಯನ್ನು ಮೂಲೆಗೊತ್ತಿತು.

1965ರಲ್ಲಿ ಸೇಲಮಿನಿಂದ ಬೇರ್ಪಟ್ಟು ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಅದರ ಪಾಲಕ್ಕೋಡು ಪ್ರದೇಶವು ಟೊಮೇಟೊ ಬೆಳೆಗೆ ಹೆಸರಾಗಿ, ಒಂದು ಕಾಲದಲ್ಲಿ ಹಿತ್ತಿಲ ಗಿಡವಾಗಿದ್ದುದು ಲಾರಿಗಟ್ಟಲೆ ಸಾಗುವ ಸರಕಾಯಿತು. ಗೆಲ್ಲು ನೆಟ್ಟು ವರ್ಷಗಟ್ಟಲೆ ಸಾಕುತ್ತಿದ್ದ ನುಗ್ಗೆಯ ಪಕ್ಕದಲ್ಲಿ, ಪೆರಿಯಕುಳಂ ತೋಟಗಾರಿಕಾ ಕಾಲೇಜಿನವರು 1989ರಲ್ಲಿ ಬಿಡುಗಡೆ ಮಾಡಿದ, ಬೀಜದಿಂದ ಎದ್ದು ಸುಮಾರು ಆರು ತಿಂಗಳಲ್ಲಿ ಕಾಯಿಬಿಡುವ ಪಿಕೆಎಂ–1 ತಳಿಯೂ ಬಂದಿತು. ಫ್ಲೋರೈಡ್ ಬೆರೆತ ಅಂತರ್ಜಲವನ್ನೇ ಕುಡಿಯಬೇಕಾಗಿದ್ದ ಧರ್ಮಪುರಿಯ ಊರುಗಳಿಗೆ ಹೊಗೇನಕಲ್ ಯೋಜನೆಯ ಕಾವೇರಿ ನೀರು 2013ರಿಂದ ತಲುಪತೊಡಗಿದೆ. ಸೇಲಂ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಹಿತ್ತಿಲು ತಾರಸಿಯನ್ನೇರಿದೆ. ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿ ದಂಟು, ಮೆಂತೆ, ಬದನೆಗಳು ಚೆನ್ನಾಗಿಯೇ ಬರುತ್ತವೆ. ಅಂಗಡಿಯ ಹೈಬ್ರಿಡ್ ಬೀಜವನ್ನು ಪ್ರತಿ ಸಲವೂ ಹೊಸದಾಗಿ ಕೊಳ್ಳಬೇಕಾಗುವುದರಿಂದ, ಚಪ್ಪರದವರೆ, ಸೋರೆ, ಹೀರೆಗಳ ನಾಟಿ ಬೀಜಗಳನ್ನು ತಾಯಂದಿರು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಕೊಟ್ಟು ಕಳುಹಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ನಡೆದಿದೆ.