ವೀಳ್ಯದೆಲೆ ಬಳ್ಳಿ

ವೀಳ್ಯದೆಲೆ ಬಳ್ಳಿ, ಕರಿಮೆಣಸಿನ ಪೈಪರೇಸೀ ಕುಟುಂಬಕ್ಕೆ ಸೇರಿದ, ಬೇರುಗಳಿಂದ ಆಸರೆ ಹಿಡಿದು ಮೇಲೇರುವ ನಿತ್ಯಹರಿದ್ವರ್ಣದ ಬಹುವಾರ್ಷಿಕ ಸಸ್ಯ (ಪೈಪರ್ ಬೀಟಲ್). ಮೂಲ ನೆಲೆ ಆಗ್ನೇಯ ಏಷ್ಯಾ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುತ್ತವೆ. ಸಾಗುವಳಿಯಲ್ಲಿ ಬೀಜಕ್ಕೆ ಕೆಲಸವಿಲ್ಲ, ತುಂಡು ಬಳ್ಳಿಯನ್ನೇ ನೆಡುತ್ತಾರೆ.

ಮೇಲೇರುವ ಬಳ್ಳಿಯ ಗಿಣ್ಣುಗಳಲ್ಲಿ ಗಿಡ್ಡ ಬೇರುಗಳು ಹೊರಟು ತೊಗಟೆಯ ಬಿರುಕನ್ನು ಕಚ್ಚಿಕೊಳ್ಳುತ್ತವೆ. ಯುರೋಪಿನ ಐವಿ ಗೋಡೆ ಹತ್ತುವುದೂ ಇದೇ ಬಗೆಯಲ್ಲಿ. ಈ ಬೇರುಗಳು ಆಸರೆ ಮರದ ರಸ ಹೀರುವುದಿಲ್ಲ. ಹಾಗಾಗಿ ಪರಾವಲಂಬಿಯಾದ ಬಂದಣಿಕೆಯ ಜೊತೆ ಈ ಬಳ್ಳಿಯನ್ನು ಸೇರಿಸುವಂತಿಲ್ಲ. ಪಕ್ಕಕ್ಕೆ ಚಾಚುವ ರೆಂಬೆಗಳಲ್ಲಿ ಹಿಡಿಬೇರು ಇರುವುದಿಲ್ಲ. ಎಲೆ ಹೃದಯಾಕಾರ, ತುದಿ ಚೂಪು, ಮೈ ನುಣುಪು. ಉದ್ದ ಸುಮಾರು 10ರಿಂದ 20 ಸೆಂ.ಮೀ.

ತನ್ನಷ್ಟಕ್ಕೆ ಬಿಟ್ಟರೆ 10 ಮೀಟರಿಗೂ ಮೇಲೆ ಏರಬಲ್ಲ ಬಳ್ಳಿಯನ್ನು ತೋಟದಲ್ಲಿ ಕೈಗೆಟಕುವಷ್ಟಕ್ಕೇ ನಿಲ್ಲಿಸುತ್ತಾರೆ. ಕೆಳಗಿನ ಎಲೆ ಕೊಯ್ದಂತೆ ಕಾಂಡ ಬೋಳಾಗುತ್ತದೆ. ಆಗ ಬಳ್ಳಿಯನ್ನು ಇಳಿಸಿ, ಬೋಳು ಭಾಗವನ್ನು ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಿ, ಕುಡಿಯನ್ನು ಬಾಳೆನಾರಿನಿಂದ ಮತ್ತೆ ಕಟ್ಟುತ್ತಾರೆ. ಹೂತ ಗಿಣ್ಣುಗಳು ಬೇರೂರಿ ಬಳ್ಳಿಗೆ ಹೊಸ ಕಸುವು ಬರುತ್ತದೆ.

ಈ ಬಳ್ಳಿಯನ್ನು ಬೆಳೆಯುವ ಚಿತ್ರದುರ್ಗ ಜಿಲ್ಲೆ ಬಯಲುಸೀಮೆ. ನೆರಳು, ತೇವ ಬೇಡುವ ಬಳ್ಳಿಗೆ ಒಗ್ಗುವ ನೆಲವೇನಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ-ತೆಂಗಿನ ತೋಟಗಳ ನೆರಳು, ಹಿರಿಯೂರಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರಾವರಿಯಂಥ ಅನುಕೂಲಗಳಿದ್ದಲ್ಲಷ್ಟೇ ಇದು ಬಾಳುತ್ತದೆ. ಅಡಿಕೆಯಲ್ಲದೆ ಚೊಗಚೆ, ನುಗ್ಗೆ, ಹಾಲುವಾಣಗಳೂ ಆಸರೆ ಮರಗಳು.

ಬುಡದಲ್ಲಿ ನೀರು ನಿಂತರೆ ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ರೋಗಾಣುವಿನಿಂದ ಬುಡ ಕೊಳೆಯುತ್ತದೆ. ಇಷ್ಟು ಜತನ ಬೇಡುವ ಬಳ್ಳಿಯಾದರೂ ತಾಂಬೂಲ, ನಿಶ್ಚಿತಾರ್ಥ, ಮದುವೆ, ಪೂಜೆಗಳಿಗೆ ಇದರ ಎಲೆ ಬೇಕೇ ಬೇಕು.